ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುವವರಿಗೆ

ಬೀಜ, ಗೊಬ್ಬರ, ಕೊಟ್ಟಿಗೆ, ಕಾಂಪೋಸ್ಟ್ ಗುಂಡಿಗಳ ವಿಷಯವನ್ನು ಈ ಪತ್ರಿಕೆಯಲ್ಲಿ ಓದಿ ರೂಢಿಯಾಗಿರುವ ನಿಮಗೆ ಬಾಡಿಗೆ ಮನೆಯ ಮಾತು ಹೊಸದೆನಿಸಬಹುದು. ಆದರೆ ಮೇ ತಿಂಗಳು ಕಳೆದು ಶಾಲೆ ಕಾಲೇಜುಗಳು ತೆರೆಯುವ ಹೊತ್ತಿಗೆ ನಮ್ಮ ಹಳ್ಳಿಗಳಿಂದ ಎಷ್ಟೋ ಸಂಸಾರಗಳು ತಾಲ್ಲೂಕು ಕೇಂದ್ರಕ್ಕೂ ಜಿಲ್ಲಾ ಕೇಂದ್ರಕ್ಕೂ ಬೆಂಗಳೂರಿಗೂ ಹೊರಡುವುದನ್ನು ನೀವು ನೋಡಿಯೇ ಇದ್ದೀರಿ. ಮಗಳ ಓದಿಗೆಂದು ತಾಯಿಯೊಬ್ಬಳು ಒಂದು ಕೋಣೆ ಹಿಡಿದು ಜೊತೆಗಿರುತ್ತಾಳೆ. ಮಗ ಸೊಸೆಯರು ಗಾರ್ಮೆಂಟ್ಸ್ ಕೆಲಸಕ್ಕೋ ಗಾರೆ ಕೆಲಸಕ್ಕೋ ಹೋಗಿ ಅಲ್ಲೇ ಒಲೆ ಹೂಡುತ್ತಾರೆ. ಹೋಗುವಾಗ ಅವರು ಒಯ್ಯುವ ಮುಂಗಡದ ಹಣ ಹಸು ಮಾರಿದ್ದೋ, ಫಸಲು ಮಾರಿದ್ದೋ, ಸಂಘದಿಂದ ಸಾಲ ತಂದಿದ್ದೋ ಆಗಿರುತ್ತದೆ. ಆ ಹಣ ತಿರುಗಿ ಬರುವುದೂ ಬಾರದಿರುವುದೂ ಮನೆ ಬಿಡುವ ದಿನದ ಜಗಳದಿಂದ ತೀರ್ಮಾನವಾಗುವುದಿಲ್ಲ. ಮನೆಗೆ ಕಾಲಿಡುವ ದಿನ ಏನನ್ನು ಬರೆಸಿಕೊಂಡಿರಿ ಎಂಬುದರಿಂದಲೇ ಅದು ತೀರ್ಮಾನವಾಗಿಬಿಟ್ಟಿರುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಾಡಿಗೆ ಎಂದೊಡನೆ ನಮ್ಮ ಹಿರಿಯರಿಗೆ ಗೇಣಿಯ ನೆನಪಾಗುತ್ತದೆ. ಭೂ ಸುಧಾರಣಾ ಕಾಯಿದೆಗೆ ೧೯೭೪ರಲ್ಲಿ ಬಂದ ತಿದ್ದುಪಡಿಯಂತೆ ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಉಳುತ್ತಿದ್ದ ಭೂಮಿಗೆ ಒಡೆಯರಾದರು. ಅದರಿಂದಲೋ ಏನೋ, ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಬಾಡಿಗೆಗಿದ್ದರೆ ಮನೆ ನಮ್ಮದೇ ಆಗುತ್ತದೆ ಎಂಬ ಮಾತು ಇಂದಿಗೂ ಅರಳಿಕಟ್ಟೆಯ ಮೇಲೆ ಓಡಾಡುತ್ತಿದೆ. ಇದು ಸುಳ್ಳು. ಮಾಲೀಕನ ಒಪ್ಪಿಗೆಯಿಂದ ಒಳಗೆ ಬಂದು ಬಾಡಿಗೆ ಕೊಡುತ್ತಿರುವವನು ಎಷ್ಟು ವರ್ಷ ಇದ್ದರೂ ಬಾಡಿಗೆದಾರನೇ. ಈ ಸುಳ್ಳಿನಿಂದ ನಮಗೆ ಲಾಭವಾಗಿಲ್ಲ, ನಷ್ಟವೇ ಆಗಿದೆ. ಪೇಟೆಯ ಮಾಲೀಕರು ಹೆದರಿ, ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರನ್ನು ಎಬ್ಬಿಸುತ್ತಾರೆ. ಗೇಣಿಯ ಕಾಲದಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಗೇಣಿ ರಶೀದಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದವನಿಗೆ, ಪಹಣಿಯಲ್ಲಿ ಹೆಸರಿದ್ದವನಿಗೆ ನ್ಯಾಯಮಂಡಳಿಯಲ್ಲಿ ಹೇಳಿಕೊಳ್ಳಲು ಆಧಾರವಿತ್ತು. ಬರೀ ಬಾಯಿಮಾತಿನ ಮೇಲೆ ಉಳುತ್ತಿದ್ದವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಮನೆಯ ಬಾಡಿಗೆಯೂ ಹಾಗೆಯೇ.

ಈಗ ಕರಾರು ಪತ್ರದ ವಿಷಯಕ್ಕೆ ಬರೋಣ. ಪೇಟೆಯಲ್ಲಿ ಎಲ್ಲರೂ ಹನ್ನೊಂದು ತಿಂಗಳಿಗೆ ಕರಾರು ಮಾಡುವುದನ್ನು ನೋಡಿರುತ್ತೀರಿ. ಹನ್ನೆರಡಕ್ಕೆ ಏಕಿಲ್ಲ? ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ೧೯೦೮ರ ನೋಂದಣಿ ಕಾಯಿದೆಗಳ ಪ್ರಕಾರ ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ಸಾಗುವ ಬಾಡಿಗೆಯ ಕರಾರನ್ನು ಉಪ ನೋಂದಣಾಧಿಕಾರಿಗಳ ಕಛೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳುವ ಉಪಾಯವೇ ಹನ್ನೊಂದು ತಿಂಗಳು. ಇದರಲ್ಲಿ ಮೋಸವೇನೂ ಇಲ್ಲ. ಕೆಲವು ಸಾವಿರ ಬಾಡಿಗೆಯ ಮನೆಗೆ ಇದು ಸಾಕು. ಆದರೆ ಹನ್ನೊಂದು ತಿಂಗಳು ಮುಗಿದ ಮೇಲೂ ಹಳೆಯ ಕಾಗದದ ಮೇಲೆಯೇ ಮೂರು ನಾಲ್ಕು ವರ್ಷ ಎಳೆಯುವುದು ಸರಿಯಲ್ಲ. ಪ್ರತಿ ಸಲವೂ ಹೊಸದಾಗಿ ಬರೆಸಿ, ಮೊದಲು ಕೊಟ್ಟ ಮುಂಗಡ ಮಾಲೀಕರ ಬಳಿಯೇ ಇದೆ ಎಂಬ ಮಾತನ್ನು ಹೊಸ ಪತ್ರದಲ್ಲಿಯೂ ಸೇರಿಸಿಸಿ.

ಇನ್ನೊಂದು ವಿಷಯ. ಛಾಪಾ ಕಾಗದದ ಮೇಲೆ ನೋಟರಿಯ ಕೆಂಪು ಮುದ್ರೆ ಬಿದ್ದೊಡನೆ ಪತ್ರ ರಿಜಿಸ್ಟರ್ ಆಯಿತೆಂದು ನಮ್ಮವರಲ್ಲಿ ಬಹಳ ಜನ ತಿಳಿದಿದ್ದಾರೆ. ನೋಟರಿ ಬೇರೆ, ನೋಂದಣಿ ಬೇರೆ. ನೋಟರಿಯ ಎದುರಿಗೆ ಸಹಿ ಆಯಿತೆಂಬುದಕ್ಕೆ ಮುದ್ರೆ ಸಾಕ್ಷಿಯಾಗಬಹುದೇ ಹೊರತು, ಸರ್ಕಾರದ ನೋಂದಣಿ ಪುಸ್ತಕದಲ್ಲಿ ಅದರಿಂದ ಒಂದು ಅಕ್ಷರವೂ ಏರುವುದಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಮುಂದೆ ಭೋಗ್ಯದ ಮಾತು ಬಂದಾಗ ತಿಳಿಯುತ್ತದೆ.

ಕರಾರು ಇಂಗ್ಲಿಷಿನಲ್ಲಿದ್ದರೆ ಸಹಿ ಹಾಕುವ ಮುನ್ನ ಒಂದು ಪ್ರತಿ ಕೇಳಿ ಊರಿಗೆ ತನ್ನಿ, ಓದಿಸಿಕೊಳ್ಳಿ. ಕನ್ನಡದಲ್ಲಿ ಬರೆಯಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹಣ ಪಡೆಯುವವರು ಮನೆಯ ಮಾಲೀಕರೇ ಹೌದೋ ಎಂಬುದನ್ನೂ ನೋಡಿರಿ. ವಿದ್ಯುತ್ ಬಿಲ್ಲು, ಮನೆ ಕಂದಾಯದ ರಶೀದಿ, ಗ್ರಾಮ ಪಂಚಾಯಿತಿಯ ವ್ಯಾಪ್ತಿಯಾದರೆ ಒಂಬತ್ತು ಮತ್ತು ಹನ್ನೊಂದನೆಯ ನಮೂನೆ, ಇವುಗಳಲ್ಲಿ ಇರುವ ಹೆಸರೂ ಕರಾರಿನಲ್ಲಿರುವ ಹೆಸರೂ ಒಂದೇ ಆಗಿರಬೇಕು. ಅಣ್ಣನ ಮನೆಯನ್ನು ತಮ್ಮ, ಮಾಲೀಕನ ಮನೆಯನ್ನು ದಲ್ಲಾಳಿ ಬಾಡಿಗೆಗೆ ಕೊಡುವುದುಂಟು. ಅಂಥಲ್ಲಿ ಅಧಿಕಾರ ಪತ್ರ ಕೇಳತಕ್ಕದ್ದು. ನಿಮ್ಮ ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಕೊಡಬಹುದು.

ಮುಂಗಡವೆಷ್ಟು ಎಂಬುದು ದೊಡ್ಡ ಪ್ರಶ್ನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬಹಳ ಕಾಲದಿಂದ ಇದೆ. ಅದು ಪದ್ಧತಿ ಮಾತ್ರ, ಹತ್ತೇ ಕೊಡಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಕೇಂದ್ರ ಸರ್ಕಾರವು ೨೦೨೧ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗೆ ಮೀರಿ ಮುಂಗಡ ಪಡೆಯಬಾರದೆಂದಿದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ಒಂದು ರಾಜ್ಯವು ತನ್ನ ವಿಧಾನ ಮಂಡಲದಲ್ಲಿ ಅಂಗೀಕರಿಸಿದ ಹೊರತು ಅಲ್ಲಿ ಜಾರಿಗೆ ಬಾರದು. ಪತ್ರಿಕೆಯಲ್ಲಿ ಓದಿದೆವೆಂದು ಅದನ್ನು ಮಾಲೀಕರ ಮುಂದೆ ಕಾಯಿದೆಯೆಂದು ವಾದಿಸಬೇಡಿ, ಚೌಕಾಸಿಗೆ ಬಳಸಿಕೊಳ್ಳಿ. ನಮ್ಮ ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆ ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ಬಂತು. ಅದರ ರಕ್ಷಣೆ ಅನುಸೂಚಿಯಲ್ಲಿ ಹೇಳಿದ ಪಟ್ಟಣ ಪ್ರದೇಶಗಳಿಗೆ ಸೇರಿದ್ದು. ಅದೂ ದೊಡ್ಡ ಪಟ್ಟಣಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿ, ಉಳಿದೆಡೆ ೨,೦೦೦ ರೂಪಾಯಿಯೊಳಗಿನ ಬಾಡಿಗೆಗೆ. ಇಂದಿನ ಬಾಡಿಗೆಯಲ್ಲಿ ಬಹುತೇಕ ಮನೆಗಳು ಆ ಬೇಲಿಯ ಹೊರಗೇ ಉಳಿಯುತ್ತವೆ. ಹೀಗಾಗಿ ನಿಮ್ಮನ್ನು ಕಾಯುವುದು ಮುಖ್ಯವಾಗಿ ನಿಮ್ಮ ಕರಾರು ಮತ್ತು ೧೮೮೨ರ ಆ ಹಳೆಯ ಕಾಯಿದೆ.

ಬಾಡಿಗೆ ೪,೦೦೦ ರೂಪಾಯಿ, ಮುಂಗಡ ೪೦,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ಈ ನಲವತ್ತು ಸಾವಿರದ ಬಗ್ಗೆ ಕರಾರಿನಲ್ಲಿ ಮೂರು ಮಾತು ಸ್ಪಷ್ಟವಾಗಿರಬೇಕು: ಯಾವ ದಿನ ಯಾವ ರೀತಿಯಲ್ಲಿ ಸಂದಾಯವಾಯಿತು, ಯಾವ ದಿನ ಹಿಂದಿರುಗಿಸಬೇಕು, ಯಾವುದನ್ನು ಮುರಿದುಕೊಳ್ಳಬಹುದು. ಎರಡನೆಯದಕ್ಕೆ "ಮನೆ ಬಿಟ್ಟ ನಂತರ" ಎಂದು ಬರೆಯಲು ಬಿಡಬೇಡಿ. ಬಿಟ್ಟ ನಂತರ ಎಂದರೆ ನಾಳೆಯೂ ಹೌದು, ಮುಂದಿನ ಯುಗಾದಿಯೂ ಹೌದು. "ಬೀಗದ ಕೈ ಒಪ್ಪಿಸಿದ ದಿನವೇ" ಎಂದಿರಲಿ. ಮೂರನೆಯದರಲ್ಲಿ ಜಗಳ ಬರುವುದು ಹೆಚ್ಚಾಗಿ ಸುಣ್ಣ ಬಣ್ಣದ ಲೆಕ್ಕದಿಂದ. ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿಯುವುದು ರೂಢಿ. ಕರಾರಿನಲ್ಲಿ ಒಪ್ಪಿದ್ದರೆ ಕೊಡಬೇಕು. ಒಪ್ಪದಿದ್ದರೆ, ದಿನನಿತ್ಯದ ಬಳಕೆಯಿಂದಾದ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದೇ ಕಾಯಿದೆ ಹೇಳುತ್ತದೆ. ಒಲೆಯ ಹೊಗೆಗೆ ಗೋಡೆ ಮಂಕಾಗುವುದು ಸವೆತ. ಕಿಟಕಿಯ ಗಾಜು ಒಡೆಯುವುದು ಸವೆತವಲ್ಲ, ಅದನ್ನು ನಾವೇ ಹಾಕಿಸಿಕೊಡಬೇಕು.

ಕೆಲವರು ಮುಂಗಡ ಬಾರದೆಂಬ ಭಯದಿಂದ ಕೊನೆಯ ನಾಲ್ಕೈದು ತಿಂಗಳ ಬಾಡಿಗೆಯನ್ನೇ ಕೊಡದೆ ಕುಳಿತುಬಿಡುತ್ತಾರೆ. ಕರಾರಿನಲ್ಲಿ ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ತಪ್ಪು, ತಕರಾರಿಗೂ ದಾರಿ. ಹಾಗೆಯೇ ಬೇಕೆಂದರೆ ಕೊನೆಯ ಇಷ್ಟು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳತಕ್ಕದ್ದು ಎಂದು ಮೊದಲೇ ಬರೆಸಿಬಿಡಿ. ಮಾಲೀಕರು ಇದಕ್ಕೆ ಅನೇಕ ವೇಳೆ ಒಪ್ಪುತ್ತಾರೆ, ಏಕೆಂದರೆ ಅವರ ಕೈಯಲ್ಲೂ ಒಟ್ಟಿಗೆ ಹಣವಿರುವುದಿಲ್ಲ.

ಬಿತ್ತನೆ ಬೀಜದ ಚೀಲ ಒಡೆಯುವ ಮುನ್ನ ಚೀಟಿಯನ್ನೂ ಬಿಲ್ಲನ್ನೂ ತೆಗೆದಿಡಿರೆಂದು ನಾವು ಹೇಳುತ್ತೇವಲ್ಲ, ಮನೆಗೂ ಅಂಥದೇ ಒಂದು ಕೆಲಸವಿದೆ. ಸಾಮಾನು ಇಳಿಸುವ ಮುನ್ನ ಖಾಲಿ ಮನೆಯನ್ನು ಮೂಲೆಮೂಲೆಯೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗೋಡೆಯ ಬಿರುಕು, ಮಾಳಿಗೆಯ ತೇವ, ಒಡೆದ ಬಚ್ಚಲ ಕಲ್ಲು, ಫ್ಯಾನು ಎಷ್ಟು, ದೀಪ ಎಷ್ಟು, ಬೀಗದ ಕೈ ಎಷ್ಟು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮಾಲೀಕರು ಸಹಿಗೆ ಹಿಂಜರಿದರೆ ಫೋಟೋಗಳನ್ನು ಅದೇ ದಿನ ಅವರ ವಾಟ್ಸಾಪಿಗೆ ಕಳಿಸಿಬಿಡಿ, ತಾರೀಖು ತಾನೇ ನಿಲ್ಲುತ್ತದೆ. ವಿದ್ಯುತ್ ಮೀಟರಿನ ಅಂಕೆಯ ಫೋಟೋವನ್ನು ಮರೆಯಬೇಡಿ. ಹಿಂದಿನವರ ಬಾಕಿ ನಿಮ್ಮ ತಲೆಗೆ ಬರದಂತೆ ಆರ್.ಆರ್. ನಂಬರಿನ ಕೊನೆಯ ಬಿಲ್ಲು ಕಟ್ಟಿದೆಯೇ ಎಂದು ನೋಡಿಕೊಳ್ಳಿ.

ಮೀಟರಿನ ಮಾತು ಬಂದದ್ದರಿಂದ ಗೃಹಜ್ಯೋತಿಯ ಬಗ್ಗೆಯೂ ಹೇಳಬೇಕು. ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಈ ಯೋಜನೆಗೆ ಬಾಡಿಗೆದಾರರೂ ಅರ್ಹರು. ಮನೆಯ ಖಾತೆ ಸಂಖ್ಯೆಗೆ ನಿಮ್ಮ ಆಧಾರ್ ಜೋಡಣೆಯಾಗಬೇಕು. ಆ ವಿಳಾಸದಲ್ಲಿ ನೀವಿದ್ದೀರೆಂಬುದಕ್ಕೆ ಕರಾರು ಪತ್ರವೇ ಆಧಾರ. ಮನೆ ಬದಲಿಸುವಾಗ ಹಳೆಯ ಮನೆಯಿಂದ ಆಧಾರನ್ನು ಬಿಡಿಸಿದ ಹೊರತು ಹೊಸ ಮನೆಗೆ ಸೇರಿಸಲಾಗದು. ಒಂದೇ ಮೀಟರಿನಲ್ಲಿ ಮೂರು ನಾಲ್ಕು ಮನೆಗಳಿರುವ ವಠಾರವಾದರೆ ಈ ಅನುಕೂಲ ನಿಮಗೆ ತಲುಪುವುದು ಕಷ್ಟ. ಬಾಡಿಗೆ ಮಾತನಾಡುವಾಗಲೇ ಮೀಟರು ಬೇರೆ ಇದೆಯೇ ಎಂದು ಕೇಳಿರಿ. ನೀರಿನ ವಿಷಯವನ್ನು ಅಕ್ಕಪಕ್ಕದವರನ್ನು ಕೇಳುವುದೇ ಲೇಸು. ಏಪ್ರಿಲಿನಲ್ಲಿ ಕೊಳವೆ ಬಾವಿ ಬತ್ತಿ ಟ್ಯಾಂಕರ್ ತರಿಸಬೇಕಾದರೆ ಅದರ ಹಣ ಯಾರದು ಎಂಬುದೂ ಕರಾರಿಗೆ ಸೇರಬೇಕಾದ ಮಾತೇ.

ಬಾಡಿಗೆಯನ್ನು ಆದಷ್ಟೂ ಬ್ಯಾಂಕಿನ ಮೂಲಕ ಅಥವಾ ಫೋನಿನಿಂದ ಕೊಡಿ. ಕೈಯಲ್ಲಿ ಕೊಟ್ಟರೆ ರಶೀದಿ ಬೇಕು. ಎರಡು ರೂಪಾಯಿಯ ಪುಸ್ತಕದಲ್ಲಿ ತಿಂಗಳು, ಮೊತ್ತ, ಮಾಲೀಕರ ಸಹಿ ಇದ್ದರೂ ಆದೀತು. ದುರಸ್ತಿಯ ಬಗ್ಗೆ ಹೇಳುವುದಾದರೆ, ನಲ್ಲಿಯ ವಾಷರು, ದೀಪ ನಮ್ಮವು. ಸೋರುವ ಮಾಳಿಗೆ, ಸುಟ್ಟ ಪಂಪು, ಕಟ್ಟಿದ ಒಳಚರಂಡಿ ಮಾಲೀಕರವು ಎಂದು ಕರಾರಿನಲ್ಲಿ ಹಂಚಿಕೊಳ್ಳುವುದು ಒಳ್ಳೆಯದು. ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು ೧೮೮೨ರ ಕಾಯಿದೆಯ ೧೦೮ನೆಯ ಕಲಮು ಹೇಳುತ್ತದೆ. ತಿಳಿಸಿದ್ದು ಬರವಣಿಗೆಯಲ್ಲಿರಲಿ, ಖರ್ಚಿನ ಬಿಲ್ಲು ಕೈಯಲ್ಲಿರಲಿ. ಅದೇ ಕಲಮಿನಲ್ಲಿ ನಮ್ಮಂಥವರಿಗೆ ಸಂತೋಷ ಕೊಡುವ ಇನ್ನೊಂದು ಮಾತೂ ಇದೆ. ಇಂತಿಷ್ಟೇ ಕಾಲವೆಂದು ಗೊತ್ತುಮಾಡದ ಬಾಡಿಗೆ ನಮ್ಮ ತಪ್ಪಿಲ್ಲದೆ ಮುಗಿದರೆ, ನಾವು ಬಿತ್ತಿ ಬೆಳೆಸಿದ ಬೆಳೆ ನಮ್ಮದೇ. ಕೊಯ್ದುಕೊಂಡು ಹೋಗಲು ಮತ್ತೆ ಬಂದು ಹೋಗುವ ಹಕ್ಕೂ ಉಂಟು. ಹಿತ್ತಲಿನ ಬದನೆ, ಮೆಣಸಿನ ಮಡಿಗೂ ಇದು ಸಲ್ಲುತ್ತದೆಂದು ನಾನು ತಿಳಿದಿದ್ದೇನೆ. ಬದನೆಗಾಗಿ ಯಾರೂ ಕೋರ್ಟಿಗೆ ಹೋಗಬೇಕಾಗಿಲ್ಲ ಎನ್ನಿ.

ಮನೆ ಬಿಡಿಸುವುದಕ್ಕೂ ಬಿಡುವುದಕ್ಕೂ ಕರಾರಿನಲ್ಲಿ ಎಷ್ಟು ತಿಂಗಳ ನೋಟೀಸು ಎಂದಿದೆಯೋ ಅಷ್ಟು. ಏನೂ ಬರೆಯದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ಲಿಖಿತ ನೋಟೀಸು ಸಾಕೆಂದು ಕಾಯಿದೆ. ಮಕ್ಕಳ ಪರೀಕ್ಷೆಯ ಕಾಲದಲ್ಲಿ ಹದಿನೈದು ದಿನವೆಂದರೆ ಏನೆಂದು ಯೋಚಿಸಿ, ಎರಡು ತಿಂಗಳು ಎಂದು ಬರೆಸಿಕೊಳ್ಳಿ. ನೋಟೀಸು ಕೊಟ್ಟ ಮೇಲೂ ಮಾಲೀಕರು ತಾವೇ ಸಾಮಾನು ಹೊರಗಿಡುವುದಾಗಲಿ, ನೀವು ಊರಿಗೆ ಬಂದಿರುವಾಗ ಬೀಗ ಬದಲಿಸುವುದಾಗಲಿ ಕೂಡದು. ಬಿಡಿಸಬೇಕಾದರೆ ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ಹಾಗೆ ಬಲವಂತವಾಗಿ ಹೊರಹಾಕಲ್ಪಟ್ಟವನು ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ಆರನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನವನ್ನು ಹಿಂದಕ್ಕೆ ಪಡೆಯಬಹುದು. ಆರು ತಿಂಗಳು ಮೀರಿದರೆ ಈ ಸುಲಭದ ದಾರಿ ಮುಚ್ಚಿತು.

ಇನ್ನು ಭೋಗ್ಯ. ನನ್ನ ಅಭಿಪ್ರಾಯದಲ್ಲಿ ನಮ್ಮ ಹಳ್ಳಿಯವರ ಹಣಕ್ಕೆ ಅತಿ ದೊಡ್ಡ ಅಪಾಯ ಇರುವುದು ಇಲ್ಲಿಯೇ. ಪೇಟೆಯಲ್ಲಿ ಇದನ್ನು ಲೀಸು ಎನ್ನುತ್ತಾರೆ. ಐದು ಲಕ್ಷವೋ ಎಂಟು ಲಕ್ಷವೋ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ಹಿಂದಕ್ಕೆ ಪಡೆಯುವುದು. ಬಾಡಿಗೆ ಉಳಿಯಿತೆಂದು ಮನಸ್ಸು ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿರಿ: ಐದು ಲಕ್ಷಕ್ಕೆ ವರ್ಷಕ್ಕೆ ಶೇಕಡಾ ಏಳರಂತೆ ಬಡ್ಡಿ ಹಿಡಿದರೆ ೩೫,೦೦೦ ರೂಪಾಯಿ, ಅಂದರೆ ತಿಂಗಳಿಗೆ ಸುಮಾರು ೨,೯೦೦ ರೂಪಾಯಿ. ಆ ಮನೆಗೆ ನೀವು ಕೊಡುತ್ತಿರುವ ಬಾಡಿಗೆ ಅದೇ. ಕೈಸಾಲ ತಂದು ಕೊಟ್ಟಿದ್ದರೆ ಬಾಡಿಗೆ ಅದರ ಮೂರು ಪಾಲಾಗಬಹುದು. ಬೆಳೆ ಸಾಲವೆಂದು ಸೊಸೈಟಿಯಿಂದ ತಂದ ಹಣವನ್ನು ಇದಕ್ಕೆ ಹಾಕುವುದಂತೂ ಬೇಡವೇ ಬೇಡ. ಅದು ವರ್ಷದೊಳಗೆ ಕಟ್ಟಬೇಕಾದದ್ದು, ಇದು ಮೂರು ವರ್ಷ ಸಿಕ್ಕಿಕೊಳ್ಳುವುದು.

ಬಡ್ಡಿಗಿಂತ ಅಸಲಿನ ಚಿಂತೆ ದೊಡ್ಡದು. ಭೋಗ್ಯಕ್ಕೆ ಕೊಡುವ ಮಾಲೀಕರಿಗೆ ಒಟ್ಟಿಗೆ ಹಣ ಬೇಕಾಗಿರುತ್ತದೆ, ಅದಕ್ಕೇ ಭೋಗ್ಯ. ಕೆಲವರು ಮಗಳ ಮದುವೆಗೆ ತೆಗೆದುಕೊಂಡು ಪ್ರಾಮಾಣಿಕವಾಗಿ ತೀರಿಸುತ್ತಾರೆ. ಆದರೆ ಆ ಮನೆಯನ್ನು ಕಟ್ಟಲು ಬ್ಯಾಂಕಿನಿಂದ ತಂದ ಸಾಲ ಬಾಕಿಯಿದ್ದರೆ ಏನು? ಕಂತು ನಿಂತರೆ ಬ್ಯಾಂಕು ೨೦೦೨ರ ಸರ್ಫೇಸಿ ಕಾಯಿದೆಯಂತೆ ಸಾಲಗಾರನಿಗೆ ಅರವತ್ತು ದಿನದ ನೋಟೀಸು ಕೊಟ್ಟು, ನಂತರ ಮನೆಯ ಸ್ವಾಧೀನಕ್ಕೆ ಬರುತ್ತದೆ. ಬಾಗಿಲಿಗೆ ನೋಟೀಸು ಅಂಟಿಸಿದಾಗಲೇ ಒಳಗಿರುವವರಿಗೆ ವಿಷಯ ತಿಳಿಯುವುದು. ಹರಾಜಿನ ಹಣ ಮೊದಲು ಬ್ಯಾಂಕಿಗೆ. ನಿಮ್ಮ ಬಳಿ ಇರುವುದು ಬರೀ ನೋಟರಿ ಪತ್ರವಾದರೆ ನೀವು ಮಾಲೀಕನಿಗೆ ಕೈಸಾಲ ಕೊಟ್ಟ ಒಬ್ಬ ಸಾಲಿಗರು, ಅಷ್ಟೇ. ಅಡವಿಟ್ಟ ಮನೆಯನ್ನು ಬಾಡಿಗೆಗೆ ಕೊಡಲು ಮಾಲೀಕನಿಗೆ ಕಾಯಿದೆ ಕೊಡುವ ಅಧಿಕಾರಕ್ಕೂ ಮಿತಿಯುಂಟು: ಇಡುಗಂಟು ಪಡೆಯಕೂಡದು, ಮುಂದಿನ ಬಾಡಿಗೆಯನ್ನು ಮೊದಲೇ ಪಡೆಯಕೂಡದು, ಮೂರು ವರ್ಷ ಮೀರಕೂಡದು. ಅಂದರೆ ಅಡವಿನಲ್ಲಿರುವ ಮನೆಯ ಭೋಗ್ಯ ಬ್ಯಾಂಕಿನ ಎದುರು ನಿಲ್ಲುವುದು ಬಹಳ ಕಷ್ಟ.

ಆದುದರಿಂದ ಭೋಗ್ಯದ ಹಣ ಕೊಡುವ ಮುನ್ನ ಮೂರು ಕೆಲಸ ಮಾಡಿರಿ. ಮೊದಲನೆಯದು, ಉಪ ನೋಂದಣಾಧಿಕಾರಿಗಳ ಕಛೇರಿಯಿಂದ ಅಥವಾ ನೋಂದಣಿ ಇಲಾಖೆಯ ಕಾವೇರಿ ಅಂತರ್ಜಾಲ ತಾಣದಿಂದ ಆ ಸ್ವತ್ತಿನ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸುವುದು. ನೋಂದಣಿಯಾದ ಅಡಮಾನ ಅದರಲ್ಲಿ ಕಾಣುತ್ತದೆ. ಆದರೆ ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡುವ ಅಡಮಾನ ಕೆಲವು ಸಲ ಅದರಲ್ಲಿ ಬರುವುದಿಲ್ಲ. ಅದಕ್ಕೆ ೨೦೧೧ರಿಂದ ಸೆರ್ಸಾಯ್ ಎಂಬ ಕೇಂದ್ರದ ನೋಂದಣಿ ವ್ಯವಸ್ಥೆಯಿದೆ. ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ಹುಡುಕಿಸಬಹುದು. ಎರಡನೆಯದು, ಮನೆಯ ಮೂಲ ಕ್ರಯಪತ್ರವನ್ನು ತೋರಿಸಿರೆಂದು ಕೇಳುವುದು, ಜೆರಾಕ್ಸ್ ಅಲ್ಲ, ಮೂಲ. ಮನೆಯಲ್ಲಿಲ್ಲ, ಲಾಕರಿನಲ್ಲಿದೆ, ಅಣ್ಣನ ಹತ್ತಿರವಿದೆ ಎಂದರೆ ಅದು ಬರುವವರೆಗೂ ಹಣ ಕೊಡಬೇಡಿ. ಮೂರನೆಯದೇ ಮುಖ್ಯ: ಭೋಗ್ಯವನ್ನು ನೋಂದಾಯಿಸುವುದು. ನೂರು ರೂಪಾಯಿ ಅಥವಾ ಅದಕ್ಕೆ ಮೀರಿದ ಹಣದ ಭೋಗ್ಯ ಅಡಮಾನವನ್ನು ಇಬ್ಬರು ಸಾಕ್ಷಿಗಳ ಸಹಿಯೊಡನೆ ನೋಂದಾಯಿಸಲೇಬೇಕೆಂದು ೧೮೮೨ರ ಕಾಯಿದೆಯೇ ಹೇಳಿದೆ. ನೋಂದಣಿಯಾದರೆ ನಿಮ್ಮ ಹಣ ಆ ಮನೆಯ ಮೇಲಿನ ಋಣವಾಗಿ ನಿಲ್ಲುತ್ತದೆ. ನಾಳೆ ಮಾಲೀಕರು ಮನೆ ಮಾರಲು ಹೋದರೆ ಕೊಳ್ಳುವವನ ಕೈಯ ಇ.ಸಿ.ಯಲ್ಲಿ ನಿಮ್ಮ ಹೆಸರು ಇರುತ್ತದೆ. ಮುದ್ರಾಂಕ ಶುಲ್ಕ ಮೊತ್ತಕ್ಕೆ ತಕ್ಕಂತೆ ಬೀಳುವುದರಿಂದ ಅದು ಸಣ್ಣ ಖರ್ಚಲ್ಲ. ಎರಡು ಕಡೆಯವರೂ ತಪ್ಪಿಸಿಕೊಳ್ಳುವುದು ಇದಕ್ಕೇ. ಆ ಖರ್ಚನ್ನು ಹೊರಲಾರದಿದ್ದರೆ ಭೋಗ್ಯ ಬಿಟ್ಟು ಬಾಡಿಗೆಗೇ ಇರಿ ಎಂದು ನಾನು ಹೇಳುತ್ತೇನೆ. ಐದು ಲಕ್ಷ ಕಳೆದುಕೊಳ್ಳುವ ಭಯಕ್ಕಿಂತ ತಿಂಗಳಿಗೆ ನಾಲ್ಕು ಸಾವಿರ ಕೊಡುವುದು ಲೇಸು.

ಈಗಾಗಲೇ ಭೋಗ್ಯದ ಮನೆಯಲ್ಲಿದ್ದು ಬಾಗಿಲಿಗೆ ಬ್ಯಾಂಕಿನ ನೋಟೀಸು ಅಂಟಿದವರು ಮಾಲೀಕರ "ಏನೂ ಆಗುವುದಿಲ್ಲ" ಎಂಬ ಮಾತನ್ನು ನಂಬಿ ಕೂರಬಾರದು. ಆ ವ್ಯಾಜ್ಯ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ನಡೆಯುವುದಿಲ್ಲ, ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಒಳಗಿರುವ ಬಾಡಿಗೆದಾರರೂ ಅಲ್ಲಿ ಅರ್ಜಿ ಕೊಡಲು ೨೦೧೬ರ ತಿದ್ದುಪಡಿಯಿಂದ ಅವಕಾಶವಾಗಿದೆ. ನೋಟೀಸಿನ ಫೋಟೋ ತೆಗೆದು, ತಾರೀಖು ಗುರುತು ಹಾಕಿಕೊಂಡು, ಕೂಡಲೆ ವಕೀಲರನ್ನು ಕಾಣಿರಿ.

ಮುಂಗಡ ಬಾರದೆ ಹೋದರೆ ಹೀಗೆ ಮಾಡಬಹುದು. ಮೊದಲು ಮೊತ್ತ, ಮನೆ ಬಿಟ್ಟ ದಿನ, ಹಣ ಕೊಡಬೇಕಾದ ಗಡುವು ಇವನ್ನು ಬರೆದು ಸ್ವೀಕೃತಿ ಸಿಗುವಂಥ ಅಂಚೆಯಲ್ಲಿ ಕಳಿಸಿ, ಆ ಸ್ವೀಕೃತಿಯನ್ನು ಇಟ್ಟುಕೊಳ್ಳಿ. ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಉಂಟು; ಇಂದು ನಾಳೆ ಎನ್ನಿಸಿಕೊಂಡು ಅದನ್ನು ಕಳೆಯಬೇಡಿ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಛೇರಿಯಿದೆ. ೧೯೮೭ರ ಕಾಯಿದೆಯಂತೆ ಎಲ್ಲ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಆದಾಯ ಕಡಿಮೆ ಇರುವ ಉಳಿದವರಿಗೂ ಸಿಗುತ್ತದೆ. ದಾವೆಗೆ ಮೊದಲೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂಡಿಸಿ ಇತ್ಯರ್ಥ ಮಾಡುವ ಏರ್ಪಾಡೂ ಅಲ್ಲಿಂದಲೇ. ದೂರವಾಣಿ ಸಂಖ್ಯೆ ೧೫೧೦೦.

ಈ ಬೇಸಿಗೆಯಲ್ಲಿ ಮನೆ ಹಿಡಿಯಲಿರುವವರು ಕರಾರಿನ ಪ್ರತಿಯನ್ನು ಸಹಿಗೆ ಮೊದಲು ತಂದರೆ, ವಾರದ ಸಂತೆಯ ದಿನ ಪಂಚಾಯಿತಿ ಕಛೇರಿಯಲ್ಲಿ ಕುಳಿತು ಓದಿ ಹೇಳಲು ನಾನು ಸಿದ್ಧನಿದ್ದೇನೆ. ಭೋಗ್ಯದ ಪತ್ರವಾದರೆ ಮನೆಯ ಇ.ಸಿ.ಯನ್ನೂ ಜೊತೆಗೆ ತನ್ನಿರಿ.